ಹಳೆಯ ವಿಲಾಯತಿ ಲಾರಿ: ಅದು ಉಳಿದದ್ದು ಹೇಗೆ?

ಇಂದಿನ ಮಾತು ಲಾರಿಯ ಕುರಿತು. ಸೊಲ್ಲಾಪುರದ ಚಾದರ, ಅಕ್ಕಲಕೋಟೆ ಸೀಮೆಯ ಕಬ್ಬು, ಕಲಬುರ್ಗಿಯ ತೊಗರಿ ಊರಿಂದೂರಿಗೆ ಹೋಗುವುದು ಲಾರಿಯ ಬೆನ್ನ ಮೇಲೆ. 'ಲೇಲ್ಯಾಂಡ್ ಗಾಡಿ' ಎಂದು ಕನ್ನಡದಲ್ಲೂ ಅನ್ನುತ್ತೇವೆ, ಮರಾಠಿಯಲ್ಲೂ ಅನ್ನುತ್ತೇವೆ. ಆದರೆ ಈ ಲೇಲ್ಯಾಂಡ್ ಎಂದರೇನು? ಅದು ಇಂಗ್ಲೆಂಡಿನ ಲ್ಯಾಂಕಶೈರ್ ಪ್ರಾಂತದ ಒಂದು ಸಣ್ಣ ಊರಿನ ಹೆಸರು. ಆ ಊರಿನಲ್ಲಿ 1896ರಲ್ಲಿ ಉಗಿಬಂಡಿ ಮಾಡುವ ಕಾರಖಾನೆ ಹುಟ್ಟಿತು. 1907ರಲ್ಲಿ ಅದಕ್ಕೆ ಲೇಲ್ಯಾಂಡ್ ಮೋಟಾರ್ಸ್ ಎಂಬ ಹೆಸರು ಬಂತು.

ನಮ್ಮ ದೇಶಕ್ಕೆ ಆ ಹೆಸರು ಬಂದ ಬಗೆ ಹೀಗೆ. ರಘುನಂದನ್ ಸರನ್ ಎಂಬ ಉದ್ಯಮಿ 1948ರಲ್ಲಿ ಮದ್ರಾಸಿನಲ್ಲಿ ಅಶೋಕ್ ಮೋಟಾರ್ಸ್ ಆರಂಭಿಸಿದರು. ಅಶೋಕ್ ಎಂಬುದು ಅವರ ಮಗನ ಹೆಸರು. ಮೊದಲು ಜೋಡಿಸಿದ್ದು ಆಸ್ಟಿನ್ ಕಾರು. 1950ರಲ್ಲಿ ಲೇಲ್ಯಾಂಡ್ ಜೊತೆ ಒಪ್ಪಂದವಾಯಿತು. ಮರುವರ್ಷವೇ ಎನ್ನೂರಿನ ಕಾರಖಾನೆಯಿಂದ 'ಕಾಮೆಟ್' ಎಂಬ ಲಾರಿ ಹೊರಬಂತು. ಕಾಮೆಟ್ ಎಂದರೆ ಧೂಮಕೇತು. 1955ರಲ್ಲಿ ಎರಡು ಹೆಸರೂ ಕೂಡಿ ಅಶೋಕ್ ಲೇಲ್ಯಾಂಡ್ ಆಯಿತು.

ಇನ್ನೊಂದು ವಿಲಾಯತಿ ಗಾಡಿ ಬೆಡ್‌ಫೋರ್ಡ್. ನಾವು ದಿನವೂ ಹತ್ತುವ ಎಸ್.ಟಿ.ಯ ಮೊದಲ ಬಸ್ಸು ಪುಣೆ–ಅಹಮದನಗರ ದಾರಿಯಲ್ಲಿ ಓಡಿದ್ದು 1948ರ ಜೂನ್ 1ರಂದು. ಅದು ಬೆಡ್‌ಫೋರ್ಡ್ ಚಾಸಿಯ ಮೇಲೆ ಕಟ್ಟಿದ ಬಸ್ಸು.

ಮೂರನೆಯ ಕಥೆ ನಮ್ಮ ಊರಿಗೇ ಸೇರಿದ್ದು. ಸೊಲ್ಲಾಪುರದಲ್ಲಿ 1882ರಲ್ಲಿ ಹುಟ್ಟಿದ ವಾಲಚಂದ ಹಿರಾಚಂದರು 1944ರಲ್ಲಿ ಪ್ರೀಮಿಯರ್ ಆಟೋಮೊಬೈಲ್ಸ್ ಸ್ಥಾಪಿಸಿದರು. ಮುಂಬಯಿಯ ಕುರ್ಲಾದಲ್ಲಿ ಅವರ ಕಂಪನಿ ಡಾಜ್, ಫಾರ್ಗೊ ಲಾರಿಗಳನ್ನು ಮಾಡಿತು. ಆ ಲಾರಿಗಳ ಮೈಕಟ್ಟು ಅಮೆರಿಕದ್ದು. ಆದರೆ ಡೀಸೆಲ್ ಬಂದ ಮೇಲೆ ಅವುಗಳಲ್ಲಿ ಕೂತ ಆರು ಸಿಲಿಂಡರಿನ 'ಪಿ-ಸಿಕ್ಸ್' ಇಂಜಿನ್ ಇಂಗ್ಲೆಂಡಿನ ಪರ್ಕಿನ್ಸ್ ಕಂಪನಿಯದು. ಪರ್ಕಿನ್ಸ್ ಇಂಜಿನ್‌ಗಳನ್ನು ಮುಂದೆ ಮದ್ರಾಸಿನ ಸಿಂಪ್ಸನ್ ಕಂಪನಿ ಇಲ್ಲಿಯೇ ತಯಾರಿಸತೊಡಗಿತು. 'ಸಿಂಪ್ಸನ್ ಇಂಜಿನ್' ಎಂದರೆ ಟ್ರ್ಯಾಕ್ಟರ್ ಇಟ್ಟ ರೈತರಿಗೆ ಬೇರೆ ಪರಿಚಯ ಬೇಡ.

ಇನ್ನು ಮುಖ್ಯ ಸಂಗತಿಗೆ ಬರೋಣ. ವಿಲಾಯತಿಯಲ್ಲಿ ಜನರಲ್ ಮೋಟಾರ್ಸ್ ಕಂಪನಿ 1986ರಲ್ಲಿ ಬೆಡ್‌ಫೋರ್ಡ್ ಲಾರಿಯ ಉದ್ಯಮದಿಂದ ಹಿಂದೆ ಸರಿಯಿತು. 1993ರಲ್ಲಿ ಲೇಲ್ಯಾಂಡ್ ಡಾಫ್ ಕಂಪನಿ ದಿವಾಳಿಯಾಗಿ ಬೇರೆಯವರ ಕೈಸೇರಿತು. ಹೆತ್ತ ಮನೆ ಹೀಗಾದರೂ ಹಳೆಯ ಲಾರಿಗಳು ಪರದೇಶಗಳಲ್ಲಿ ಎಷ್ಟೋ ವರ್ಷ ದುಡಿದವು. ಪಾಕಿಸ್ತಾನದಲ್ಲಿ ಮೈತುಂಬ ಹೂವು, ನವಿಲು ಬರೆಸಿಕೊಂಡ ಬೆಡ್‌ಫೋರ್ಡ್ ಲಾರಿಗಳು ಜಗತ್ಪ್ರಸಿದ್ಧ. ಮಾಲ್ಟಾ ದ್ವೀಪದಲ್ಲಿ ಹಳೆಯ ಬ್ರಿಟಿಷ್ ಬಸ್ಸುಗಳು 2011ರ ಜುಲೈವರೆಗೂ ದಿನನಿತ್ಯದ ಸೇವೆಯಲ್ಲಿದ್ದವು. ಇದು ಹೇಗೆ ಸಾಧ್ಯವಾಯಿತು? ಮೂರು ಕಾರಣ ಹೇಳಬಹುದು.

ಮೊದಲನೆಯದು ಲಾರಿಯ ರಚನೆ. ಏಣಿಯಂತಹ ಉಕ್ಕಿನ ಚಾಸಿ, ಅದರ ಮೇಲೆ ಇಂಜಿನ್, ಗೇರ್ ಪೆಟ್ಟಿಗೆ, ಚಕ್ರ. ಕಂಪನಿ ಕೊಡುತ್ತಿದ್ದುದು ಬಹುಮಟ್ಟಿಗೆ ಇಷ್ಟೇ. ಬಾಡಿ ಕಟ್ಟುವವರು ನಮ್ಮ ಬಡಿಗೇರರು, ನಮ್ಮ ಲೋಹಾರರು. ಕಟ್ಟಿದವರು ಊರಿನಲ್ಲೇ ಇದ್ದ ಮೇಲೆ ಮುರಿದರೆ ಮತ್ತೆ ಕಟ್ಟುವುದು ಏನು ಕಷ್ಟ? ಹಲಗೆ ಹೋದರೆ ಹಲಗೆ, ಪಾಟಾ ತುಂಡಾದರೆ ಇನ್ನೊಂದು ಪಾಟಾ.

ಎರಡನೆಯದು ಇಂಜಿನ್ನಿನ ಸರಳತೆ. ಡೀಸೆಲ್ ಇಂಜಿನ್ನಿಗೆ ಕಿಡಿ ಬೇಕಿಲ್ಲ. ಗಾಳಿಯನ್ನು ಬಲವಾಗಿ ಒತ್ತಿದಾಗ ಅದು ಕಾಯುತ್ತದೆ. ಕಾದ ಗಾಳಿಗೆ ಎಣ್ಣೆ ಸಿಂಪಡಿಸಿದರೆ ತಾನೇ ಹೊತ್ತುತ್ತದೆ. ಹಳೆಯ ಲಾರಿಯಲ್ಲಿ ಈ ಎಣ್ಣೆಯ ಅಳತೆ ನೋಡುವುದು ಪಂಪು, ಕಂಪ್ಯೂಟರ್ ಅಲ್ಲ. ಅಂತಹ ಪಂಪುಗಳನ್ನು ಮಾಡುವ ಮೈಕೋ ಕಂಪನಿ 1951ರಲ್ಲೇ ನಮ್ಮ ದೇಶದಲ್ಲಿ ಆರಂಭವಾಗಿತ್ತು. ಇಂಜಿನ್ ಸವೆದರೂ ಚಿಂತೆಯಿಲ್ಲ. ಅಂದಿನ ಅನೇಕ ಇಂಜಿನ್‌ಗಳಲ್ಲಿ ಸಿಲಿಂಡರಿನ ಒಳಗೆ ಲೈನರ್ ಎಂಬ ಕೊಳವೆ ಇರುತ್ತದೆ. ಸವೆದದ್ದನ್ನು ತೆಗೆದು ಹೊಸದನ್ನು ಕೂಡಿಸಿದರಾಯಿತು. ಕ್ರ್ಯಾಂಕ್ ಸವೆದರೆ ಅದನ್ನು ಉಜ್ಜಿ, ಸ್ವಲ್ಪ ದಪ್ಪನೆಯ ಬೇರಿಂಗ್ ಹಾಕುತ್ತಾರೆ. ಮಿಸ್ತ್ರಿಗಳು 'ಹತ್ತು ಸೈಜ್, ಇಪ್ಪತ್ತು ಸೈಜ್' ಎನ್ನುವುದನ್ನು ಕೇಳಿದ್ದೀರಲ್ಲ? ಒಂದು ಇಂಚನ್ನು ಸಾವಿರ ಪಾಲು ಮಾಡಿ, ಅದರಲ್ಲಿ ಹತ್ತು ಪಾಲು, ಇಪ್ಪತ್ತು ಪಾಲು ಉಜ್ಜಿದೆ ಎಂದು ಅದರ ಅರ್ಥ.

ಮೂರನೆಯದೇ ಎಲ್ಲಕ್ಕಿಂತ ದೊಡ್ಡದು: ಮಿಸ್ತ್ರಿಯ ಕೈಯ ವಿದ್ಯೆ. ಒಂದು ನಟ್ಟಿನ ಉದಾಹರಣೆ ಸಾಕು. 1841ರಲ್ಲಿ ಜೋಸೆಫ್ ವಿಟ್‌ವರ್ತ್ ಎಂಬ ಇಂಗ್ಲಿಷ್ ತಂತ್ರಜ್ಞ ಬೋಲ್ಟಿನ ತಿರುವುಗಳಿಗೆ ಒಂದು ನಿಶ್ಚಿತ ಅಳತೆ ಸೂಚಿಸಿದ. ಅದರ ತಿರುವಿನ ಕೋನ 55 ಡಿಗ್ರಿ. ಮಿಲಿಮೀಟರ್ ಬೋಲ್ಟಿನದು 60 ಡಿಗ್ರಿ. ಒಂದಕ್ಕೆ ಇನ್ನೊಂದನ್ನು ಒತ್ತಾಯದಿಂದ ಹಾಕಿದರೆ ತಿರುವು ಕಿತ್ತು ಹೋಗುತ್ತದೆ. ಪಾನಾದ ಲೆಕ್ಕವೂ ಬೇರೆ. ಹಳೆಯ ಬ್ರಿಟಿಷ್ ಪಾನಾದ ಮೇಲೆ 'ಅರ್ಧ ಇಂಚು' ಎಂದು ಬರೆದಿದ್ದರೆ ಅದು ಬೋಲ್ಟಿನ ದಪ್ಪ. ಪಾನಾದ ಬಾಯಿ ಮುಕ್ಕಾಲು ಇಂಚಿಗಿಂತಲೂ ಅಗಲ! ಪುಸ್ತಕ ಓದದ ಮಿಸ್ತ್ರಿಗೆ ಇದು ಬೆರಳ ತುದಿಯಲ್ಲೇ ಗೊತ್ತು. ಬೋಲ್ಟು ಮುಟ್ಟಿ ನೋಡಿ, 'ಇದು ಇಂಚಿನದು, ಅದು ಎಮ್ಮೆಮ್ಮಿನದು' ಎಂದುಬಿಡುತ್ತಾನೆ.

ಚಾಲಕನ ವಿದ್ಯೆಯೂ ಕಡಿಮೆಯದಲ್ಲ. ಹಳೆಯ ಗೇರ್ ಪೆಟ್ಟಿಗೆಯಲ್ಲಿ ಗೇರುಗಳ ವೇಗವನ್ನು ತಾನಾಗಿ ಹೊಂದಿಸುವ ಏರ್ಪಾಡು ಇರಲಿಲ್ಲ. ಗೇರ್ ಇಳಿಸುವಾಗ ಕ್ಲಚ್ ಒತ್ತಿ ನ್ಯೂಟ್ರಲ್‌ಗೆ ತಂದು, ಕ್ಲಚ್ ಬಿಟ್ಟು, ಇಷ್ಟೇ ಇಷ್ಟು ಆಕ್ಸಿಲರೇಟರ್ ಕೊಟ್ಟು, ಮತ್ತೆ ಕ್ಲಚ್ ಒತ್ತಿ ಗೇರ್ ಹಾಕಬೇಕು. ಇಂಜಿನ್ನಿನ ದನಿ ಕೇಳಿಯೇ ಕ್ಷಣ ಹಿಡಿಯಬೇಕು. ತಪ್ಪಿದರೆ ಗೇರು ಕಿರುಚುತ್ತದೆ, ಪಕ್ಕದ ಕ್ಲೀನರ್ ಮುಸಿಮುಸಿ ನಗುತ್ತಾನೆ.

ಈಗ ವಿಲಾಯತಿಯ ಕಡೆ ನೋಡೋಣ. ಅಲ್ಲಿ ಹಳೆಯ ಲಾರಿಯ ಪ್ರೇಮಿಗಳು 1958ರಲ್ಲೇ ಒಂದು ಸಂಘ ಕಟ್ಟಿಕೊಂಡರು. ಅವರ ಹಳೆಯ ಲಾರಿ, ಬಸ್ಸುಗಳ ಲಂಡನ್–ಬ್ರೈಟನ್ ಪ್ರಯಾಣ 1962ರಲ್ಲಿ ಆರಂಭವಾಯಿತು. ಲೇಲ್ಯಾಂಡ್ ಊರಿನಲ್ಲಿ ಅಂತಹ ಗಾಡಿಗಳಿಗೆಂದೇ 1983ರಲ್ಲಿ ಸಂಗ್ರಹಾಲಯ ತೆರೆಯಿತು. ಅವರು ಲಾರಿಯನ್ನು ಉಳಿಸಿದ್ದು ಪ್ರೀತಿಗಾಗಿ, ನಾವು ಉಳಿಸಿದ್ದು ಹೊಟ್ಟೆಪಾಡಿಗಾಗಿ. ಅವರ ಬಳಿ ನಕ್ಷೆ, ಕೈಪಿಡಿ, ದಾಖಲೆಗಳಿವೆ. ನಮ್ಮ ಬಳಿ ಇರುವುದು ಬಾಯಿಂದ ಬಾಯಿಗೆ, ಕೈಯಿಂದ ಕೈಗೆ ಬಂದ ತಿಳಿವಳಿಕೆ. ಧರ್ಮಸ್ಥಳಕ್ಕೆ ಹೋದವರು ಅಲ್ಲಿನ ಹಳೆಯ ಕಾರುಗಳ ಸಂಗ್ರಹ ನೋಡಿರುತ್ತೀರಿ. ರಾಜರ ಕಾರಿಗೆ ನೆರಳು ಸಿಕ್ಕಿತು. ಕಾಳು ಹೊತ್ತ ಲಾರಿಗೆ?

ಹಾಗೆಂದು ಹಳೆಯ ಲಾರಿಯಲ್ಲಿ ಇಂದೂ ಭಾರ ಹೇರಿ ಓಡಿಸಿ ಎಂದು ನಾನು ಹೇಳುತ್ತಿಲ್ಲ. ಅಂದಿನ ಬ್ರೇಕು ಅಂದಿನ ವೇಗಕ್ಕೆ ಮಾಡಿದ್ದು. ಇಂದು ಸೊಲ್ಲಾಪುರ–ಅಕ್ಕಲಕೋಟೆ ನಡುವೆ ಚತುಷ್ಪಥ ರಸ್ತೆಯಿದೆ, ಮುಂದಿನ ಗಾಡಿ ಗಕ್ಕನೆ ನಿಂತರೆ ಹಿಂದಿನದೂ ನಿಲ್ಲಬೇಕು. ಹೊಗೆಯ ಮಾತಂತೂ ಇದ್ದೇ ಇದೆ. 15 ವರ್ಷ ಮೀರಿದ ಲಾರಿಯ ಫಿಟ್‌ನೆಸ್ ಶುಲ್ಕ 2022ರ ಏಪ್ರಿಲ್‌ನಿಂದ ಬಹಳ ಏರಿದೆ. 50 ವರ್ಷ ಮೀರಿದ ಗಾಡಿಗಳ ನೋಂದಣಿಗೆ 2021ರಲ್ಲಿ ಬೇರೆ ನಿಯಮ ಬಂದಿರುವುದು ನಿಜ. ಆದರೆ ಅದು ಸ್ವಂತಕ್ಕೆ ಇಟ್ಟುಕೊಂಡ, ಮೂಲರೂಪ ಕೆಡದ ಗಾಡಿಗಳಿಗೆ. ಬಾಡಿಗೆಗೆ ದುಡಿದು, ಎರಡು ಸಲ ಇಂಜಿನ್, ಮೂರು ಸಲ ಬಾಡಿ ಬದಲಿಸಿಕೊಂಡ ಲಾರಿ ಮೂಲರೂಪವನ್ನು ಎಲ್ಲಿಂದ ತಂದೀತು? ಅದನ್ನು ಉಳಿಸಿದ ಗುಣವೇ ಈಗ ಅದಕ್ಕೆ ದೋಷವಾಗಿದೆ.

ಹೀಗಾಗಿ ಹಳೆಯ ಲಾರಿಗಳು ಒಂದೊಂದಾಗಿ ಗುಜರಿಗೆ ಹೋಗುತ್ತವೆ. ಅದನ್ನು ನಾವು ತಡೆಯಲಾರೆವು. ಆದರೆ ಲಾರಿಯ ಜೊತೆಗೆ ವಿದ್ಯೆಯೂ ಗುಜರಿಗೆ ಹೋಗಬೇಕೆ? ದನಿ ಕೇಳಿ ರೋಗ ಹೇಳುವುದು, ಸಿಗದ ಭಾಗವನ್ನು ಲೇಥಿನಲ್ಲಿ ಮಾಡಿಕೊಳ್ಳುವುದು, ಉಕ್ಕಿಗೆ ಹದ ಕೊಡುವುದು, ಇವು ನಾಳೆಯ ಪಂಪ್‌ಸೆಟ್ಟಿಗೂ ಬೇಕು, ಟ್ರ್ಯಾಕ್ಟರಿಗೂ ಬೇಕು.

ಆದ್ದರಿಂದ ಕೇಳುಗರಲ್ಲಿ ಒಂದು ವಿನಂತಿ. ನಿಮ್ಮ ಓಣಿಯಲ್ಲಿ, ನಿಮ್ಮ ಬಳಗದಲ್ಲಿ ವಯಸ್ಸಾದ ಮಿಸ್ತ್ರಿಯೋ ಚಾಲಕರೋ ಇದ್ದರೆ, ಬಿಡುವಾದಾಗ ಅವರ ಬಳಿ ಕುಳಿತುಕೊಳ್ಳಿ. ಯಾವ ಗಾಡಿ, ಯಾವ ದಾರಿ, ಯಾವ ಭಾಗ ಕೆಟ್ಟಾಗ ಏನು ಮಾಡಿದರು ಎಂದು ಕೇಳಿ. ಶಾಲೆಗೆ ಹೋಗುವ ಮಕ್ಕಳ ಕೈಯಲ್ಲಿ ಒಂದು ವಹಿಯಲ್ಲಿ ಬರೆಸಿ. ಕನ್ನಡದಲ್ಲಿ ಬರೆದರೂ ಸರಿ, ಮರಾಠಿಯಲ್ಲಿ ಬರೆದರೂ ಸರಿ. ಪಾನಾಕ್ಕೆ ಎರಡು ಭಾಷೆಯಲ್ಲೂ ಪಾನಾ ಎಂದೇ ಹೆಸರು.