‘ಯಃ’ ಎಂಬ ಸರ್ವನಾಮದ ಮೂಲವೂ ಸಂತತಿಯೂ

ಸಂಸ್ಕೃತದ ‘ಯಃ’ ಎಂಬ ಸಂಬಂಧಾರ್ಥಕ ಸರ್ವನಾಮಕ್ಕೂ ಕನ್ನಡದ ‘ಯಾವನು’ ಎಂಬುದಕ್ಕೂ ಧ್ವನಿಯಲ್ಲಿಯೂ ಪ್ರಯೋಗದಲ್ಲಿಯೂ ಸಾಮ್ಯವು ತೋರುವುದರಿಂದ, ಎರಡನೆಯದು ಮೊದಲನೆಯದರಿಂದ ಹುಟ್ಟಿತೆಂಬ ಭಾವನೆಗೆ ಎಡೆಯುಂಟು. ಈ ಭಾವನೆಯು ನಿಲ್ಲತಕ್ಕದ್ದೇ ಎಂಬುದನ್ನು ನಿರ್ಧರಿಸಲು ಎರಡು ಪದಗಳ ವಂಶಚರಿತ್ರೆಯನ್ನೂ ಬೇರೆಬೇರೆಯಾಗಿ ಪರಿಶೀಲಿಸುವುದು ಅವಶ್ಯ.

ಇಂಡೋ-ಯುರೋಪೀಯ ಮೂಲಭಾಷೆಯಲ್ಲಿ *ಯೊಸ್, *ಯಾ, *ಯೊದ್ ಎಂಬ ಮೂರು ಲಿಂಗಗಳ ರೂಪಗಳನ್ನು ಭಾಷಾಶಾಸ್ತ್ರಜ್ಞರು ಕಲ್ಪಿಸಿರುವರು. ಇಲ್ಲಿಯ ನಕ್ಷತ್ರಚಿಹ್ನೆಯು, ಆ ರೂಪಕ್ಕೆ ಲಿಖಿತಾಧಾರವಿಲ್ಲ, ಅದು ತುಲನೆಯಿಂದ ಸಾಧಿತವಾದುದು ಎಂಬುದನ್ನು ಸೂಚಿಸುತ್ತದೆ. ಮೂಲದ ಹ್ರಸ್ವ ಒಕಾರವು ಸಂಸ್ಕೃತದಲ್ಲಿ ಅಕಾರವಾದುದರಿಂದ ಯಃ, ಯಾ, ಯತ್ ಎಂಬ ರೂಪಗಳುಂಟಾದುವು. ಅವೆಸ್ತಾ ಭಾಷೆಯ ಯೋ, ಯಾ, ಯತ್ ಇವುಗಳಿಗೆ ಅತಿ ಸಮೀಪವಾದುವು. ಗ್ರೀಕ್ ಭಾಷೆಯಲ್ಲಿ ಪದಾದಿಯ ಯಕಾರವು ಹಲವೆಡೆ ಹಕಾರವಾಗುವುದು. ಸಂಸ್ಕೃತದ ‘ಯಕೃತ್’ ಅಲ್ಲಿ ‘ಹೇಪರ್’ ಆಗಿರುವಂತೆಯೇ ‘ಯಃ’ ಎಂಬುದಕ್ಕೆ ಸಮನಾದುದು ‘ಹೊಸ್’ ಆಗಿದೆ. ಫ್ರಿಜಿಯನ್ ಸಮಾಧಿಶಾಸನಗಳ ಶಾಪವಾಕ್ಯಗಳು ‘ಯೊಸ್’ ಎಂದೇ ಆರಂಭವಾಗುವುದುಂಟು. ಸ್ಪೇನ್ ದೇಶದ ಬೊತೊರ್ರಿತದಲ್ಲಿ 1970ರಲ್ಲಿ ದೊರೆತ ಕೆಲ್ಟಿಬೇರಿಯನ್ ಕಂಚಿನ ಫಲಕದ ‘ಯೊಮುಯಿ’ ಎಂಬ ಚತುರ್ಥೀ ರೂಪವು ಸಂಸ್ಕೃತದ ‘ಯಸ್ಮೈ’ ಎಂಬುದರೊಡನೆ ಹೋಲಿಸತಕ್ಕದ್ದು.

ಆದರೆ ಎಲ್ಲ ಶಾಖೆಗಳೂ ಈ ಪದವನ್ನು ಬಳಸವು. ಲ್ಯಾಟಿನ್ನಿನಲ್ಲಿ ಸಂಬಂಧಾರ್ಥಕವು ‘ಕ್ವೀ’. 1915ರಲ್ಲಿ ಹ್ರೋಜ್ನಿಯವರ ಸಂಶೋಧನೆಯಿಂದ ಇಂಡೋ-ಯುರೋಪೀಯವೆಂದು ಸಿದ್ಧವಾದ ಹಿಟ್ಟೈಟ್ ಭಾಷೆಯಲ್ಲಿ ‘ಕುಇಶ್’. ಇವೆರಡೂ ಸಂಸ್ಕೃತದ ‘ಕಃ’ ಎಂಬ ಪ್ರಶ್ನಾರ್ಥಕದ ಬಂಧುಗಳು. ಹಿಟ್ಟೈಟ್ ಶಾಖೆಯು ಬಹು ಮೊದಲೇ ಬೇರ್ಪಟ್ಟುದೆಂಬ ಕಾರಣದಿಂದ ಕೆಲವರು ಪ್ರಶ್ನಾರ್ಥಕಮೂಲದ ಪ್ರಯೋಗವೇ ಪ್ರಾಚೀನವೆಂದೂ, *ಯೊಸ್ ಅನಂತರದ್ದೆಂದೂ ವಾದಿಸುವರು. ಎರಡೂ ಬೇರೆ ಬೇರೆ ಕಾರ್ಯಗಳಲ್ಲಿ ಒಟ್ಟಿಗೆ ಇದ್ದುವೆಂಬುದು ಮತ್ತೆ ಕೆಲವರ ಮತ. ವಿವಾದವು ಇನ್ನೂ ಇತ್ಯರ್ಥವಾಗಿಲ್ಲ.

ಇನ್ನು ಕನ್ನಡದ ವಿಚಾರ. ಹಳಗನ್ನಡದಲ್ಲಿ ಈ ಪದದ ರೂಪ ‘ಆವಂ’. ಅದರ ಅರ್ಥ ಪ್ರಶ್ನೆ. ತಮಿಳಿನ ‘ಯಾವನ್’, ‘ಯಾರ್’ ಎಂಬ ಪ್ರಶ್ನಾರ್ಥಕಗಳು ಇದರ ಸಹೋದರರು. ಆದುದರಿಂದ ಯಾ- ಎಂಬುದು ದ್ರಾವಿಡದ ಸ್ವಂತ ಪ್ರಶ್ನಾಧಾತುವೇ ಹೊರತು ಎರವಲಲ್ಲ. ‘ಯಾವನು ಓದುವನೋ ಅವನು ಬಲ್ಲನು’ ಎಂಬ ವಾಕ್ಯದಲ್ಲಿ ಕ್ರಿಯಾಪದದ ಕೊನೆಯ ಓಕಾರವೂ ಪ್ರಶ್ನೆಯ ಗುರುತನ್ನೇ ಉಳಿಸಿಕೊಂಡಿದೆ. ಇದೇ ಅರ್ಥವನ್ನು ‘ಓದುವವನು ಬಲ್ಲನು’ ಎಂದು ಕೃದಂತದಿಂದ ಹೇಳುವುದು ಕನ್ನಡದ ಸಹಜ ಮಾರ್ಗ. ಯಾವನು-ಅವನು ಎಂಬ ವಾಕ್ಯರಚನೆಗೆ ಸಂಸ್ಕೃತದ ಪ್ರೇರಣೆ ಎಷ್ಟು ಎಂಬಲ್ಲಿ ವಿದ್ವಾಂಸರಲ್ಲಿ ಮತಭೇದವಿದ್ದರೂ, ಪದವು ಮಾತ್ರ ದೇಶ್ಯವೇ.

ಹೀಗೆ ನೋಡಿದಲ್ಲಿ, ಧ್ವನಿಯಿಂದ ‘ಯಃ’ ಎಂಬುದನ್ನು ಹೋಲುವ ‘ಯಾವನು’, ನಡೆದುಬಂದ ದಾರಿಯಿಂದ ಲ್ಯಾಟಿನ್ನಿನ ‘ಕ್ವೀ’ ಎಂಬುದನ್ನೇ ಹೋಲುತ್ತದೆ: ಎರಡೂ ಪ್ರಶ್ನೆಯಿಂದ ಹೊರಟು ಸಂಬಂಧವನ್ನು ಸೇರಿದುವು. ಗ್ರೀಕಿನ ‘ಹೊಸ್’ ಕಿವಿಗೆ ಅಪರಿಚಿತವಾದರೂ ‘ಯಃ’ ಎಂಬುದಕ್ಕೆ ಒಡಹುಟ್ಟು. ‘ಯಾವನು’ ಪರಿಚಿತವೆನಿಸಿದರೂ ಅನ್ಯವಂಶದ್ದು. ಪದಗಳ ಬಂಧುತ್ವವನ್ನು ನಿರ್ಣಯಿಸತಕ್ಕುದು ನಿಯತವಾದ ಧ್ವನಿವ್ಯತ್ಯಾಸವೇ ಹೊರತು ಮೇಲುನೋಟದ ಸಾದೃಶ್ಯವಲ್ಲ.