ಕುಡಿಯುವ ನೀರಿನ ಪಂಪುಗಳ ನಿಯಂತ್ರಣ ಫಲಕ: ವೆಚ್ಚ ಕಡಿತ ಎಲ್ಲಿ ಯುಕ್ತ, ಎಲ್ಲಿ ಅಯುಕ್ತ

ಪೀಠಿಕೆ

ಚಾಮರಾಜನಗರ ತಾಲ್ಲೂಕಿನ ಉಮ್ಮತ್ತೂರು ವಿಜಯನಗರದ ಕಾಲದಲ್ಲಿ ಪಾಳೆಯಗಾರರ ರಾಜಧಾನಿಯಾಗಿದ್ದ ಐತಿಹಾಸಿಕ ಗ್ರಾಮ. ಇದನ್ನೊಳಗೊಂಡ ಬಯಲು ಸೀಮೆಯಲ್ಲಿಯೂ ನೆರೆಯ ಗುಂಡ್ಲುಪೇಟೆ ತಾಲ್ಲೂಕಿನಲ್ಲಿಯೂ ಮಳೆಯ ಪ್ರಮಾಣ ಕಡಿಮೆ. ಆದ್ದರಿಂದ ಗ್ರಾಮಗಳ ಕುಡಿಯುವ ನೀರಿನ ಪೂರೈಕೆಯಲ್ಲಿ ಕೊಳವೆಬಾವಿಗಳ ಪಾತ್ರ ದೊಡ್ಡದು. ಕೊಳವೆಬಾವಿಯಿಂದ ಮೇಲ್ಮಟ್ಟದ ಜಲಸಂಗ್ರಹಾಗಾರಕ್ಕೆ ಅಥವಾ ತೊಂಬೆಗೆ ನೀರೆತ್ತುವ ಪಂಪನ್ನು ಚಾಲನೆ ಮಾಡುವ, ನಿಲ್ಲಿಸುವ ಹಾಗೂ ಅಪಾಯದಿಂದ ರಕ್ಷಿಸುವ ಸಾಧನವೇ ನಿಯಂತ್ರಣ ಫಲಕ. ಜನಸಾಮಾನ್ಯರು ಇದನ್ನು ಸ್ಟಾರ್ಟರ್ ಪೆಟ್ಟಿಗೆ ಅಥವಾ ಪ್ಯಾನೆಲ್ ಬೋರ್ಡ್ ಎಂದು ಕರೆಯುತ್ತಾರೆ.

ಯೋಜನೆಯ ಒಟ್ಟು ವೆಚ್ಚದಲ್ಲಿ ಈ ಪೆಟ್ಟಿಗೆಯ ಪಾಲು ಅತ್ಯಲ್ಪ. ಆದರೆ ಇದು ಕೆಟ್ಟ ದಿನ ಇಡೀ ಊರಿನ ನಲ್ಲಿಗಳು ಒಣಗುತ್ತವೆ. ಗ್ರಾಮ ಪಂಚಾಯತಿಗಳ ಸದಸ್ಯರು, ಗ್ರಾಮ ನೀರು ಮತ್ತು ನೈರ್ಮಲ್ಯ ಸಮಿತಿಗಳು, ನೀರುಗಂಟಿಗಳು ಹಾಗೂ ಆಸಕ್ತ ಸಾರ್ವಜನಿಕರ ತಿಳಿವಳಿಕೆಗಾಗಿ ಈ ಲೇಖನವನ್ನು ಪ್ರಕಟಿಸಲಾಗಿದೆ.

1. ಬೆಲೆ ಮತ್ತು ವೆಚ್ಚ ಒಂದೇ ಅಲ್ಲ

ಖರೀದಿಯ ದಿನ ಕೊಡುವ ಮೊತ್ತ ಬೆಲೆ. ಆ ವಸ್ತು ಬಾಳುವಷ್ಟು ಕಾಲ ಅದರ ಮೇಲೆ, ಅದರ ದೆಸೆಯಿಂದ, ನಾವು ಮಾಡುವ ಒಟ್ಟು ಖರ್ಚು ವೆಚ್ಚ. ಲೆಕ್ಕಪತ್ರಗಳಲ್ಲಿ ಮೊದಲನೆಯದು ಬಂಡವಾಳ ಬಾಬಿನಲ್ಲಿ, ಎರಡನೆಯದರ ಬಹುಭಾಗ ನಿರ್ವಹಣೆ ಮತ್ತು ದುರಸ್ತಿ ಬಾಬಿನಲ್ಲಿ ಬರುವುದರಿಂದ ಇವೆರಡರ ನಡುವಿನ ಸಂಬಂಧ ಸುಲಭವಾಗಿ ಕಣ್ಣಿಗೆ ಬೀಳುವುದಿಲ್ಲ.

ಒಂದು ಉದಾಹರಣೆಯನ್ನು ನೋಡಬಹುದು. ಇಲ್ಲಿನ ದರಗಳು ಲೆಕ್ಕ ತೋರಿಸಲು ಊಹಿಸಿಕೊಂಡವುಗಳೇ ಹೊರತು ಅನುಸೂಚಿತ ದರಗಳಲ್ಲ. 200 ಮನೆಗಳು, ಪ್ರತಿ ಮನೆಗೆ 5 ಜನರಿರುವ ಗ್ರಾಮವೊಂದಿದೆ ಎಂದಿಟ್ಟುಕೊಳ್ಳೋಣ. 2019ರ ಆಗಸ್ಟ್ 15ರಂದು ಘೋಷಿಸಲಾದ ಜಲ ಜೀವನ್ ಮಿಷನ್‌ನ ಮಾನದಂಡದಂತೆ ತಲಾ ದಿನವೊಂದಕ್ಕೆ 55 ಲೀಟರ್ ನೀರು ಒದಗಿಸಬೇಕು. ಅಂದರೆ ಗ್ರಾಮದ ದೈನಿಕ ಅಗತ್ಯ 55,000 ಲೀಟರ್. ರಕ್ಷಣಾ ಸಾಧನಗಳನ್ನು ಕೈಬಿಟ್ಟು ಫಲಕವೊಂದರಲ್ಲಿ 3,500 ರೂಪಾಯಿ ಉಳಿಸಲಾಯಿತು. ಆ ಕಾರಣದಿಂದ ಮೋಟಾರು ಸುಟ್ಟು 3 ದಿನ ಪಂಪು ನಿಂತಿತು ಎಂದು ಭಾವಿಸಿದರೆ ಲೆಕ್ಕ ಹೀಗಾಗುತ್ತದೆ:

- 3 ದಿನಗಳ ಕೊರತೆ: 1,65,000 ಲೀಟರ್
- 5,000 ಲೀಟರಿನ ಟ್ಯಾಂಕರ್‌ಗಳು: 33
- ಟ್ಯಾಂಕರಿಗೆ 600 ರೂಪಾಯಿಯಂತೆ: 19,800 ರೂಪಾಯಿ
- ಪಂಪು ಮೇಲೆತ್ತುವುದು, ರೀವೈಂಡಿಂಗ್, ಮರಳಿ ಇಳಿಸುವುದು: 15,000 ರೂಪಾಯಿ
- ಒಟ್ಟು: 34,800 ರೂಪಾಯಿ

ಹತ್ತು ಫಲಕಗಳಲ್ಲಿ ಉಳಿಸಿದ 35,000 ರೂಪಾಯಿಗಳನ್ನು ಒಂದೇ ಮೋಟಾರು ಬಹುತೇಕ ನುಂಗಿಹಾಕಿತು. ಕೊಡ ಹಿಡಿದು ಸಾಲಿನಲ್ಲಿ ನಿಂತವರ ಮೂರು ದಿನಗಳ ಕೂಲಿ, ಶಾಲೆ ತಪ್ಪಿಸಿಕೊಂಡ ಮಕ್ಕಳ ಪಾಠ ಈ ಲೆಕ್ಕದಲ್ಲಿ ಸೇರಿಲ್ಲ.

2. ವೆಚ್ಚ ಕಡಿತಗೊಳಿಸಬಹುದಾದ ಅಂಶಗಳು

ಹಾಗೆಂದು ದುಬಾರಿಯಾದುದೆಲ್ಲವೂ ಉತ್ತಮವೆಂದು ಅರ್ಥವಲ್ಲ. ಈ ಕೆಳಕಂಡ ಅಂಶಗಳಲ್ಲಿ ಭದ್ರತೆಗೆ ಧಕ್ಕೆಯಾಗದಂತೆ ಹಣ ಉಳಿಸಬಹುದಾಗಿದೆ.

ಅ) ಮೋಟಾರಿಗೆ ತಕ್ಕ ಗಾತ್ರ: 5 ಅಶ್ವಶಕ್ತಿಯ ಮೂರು ಫೇಸಿನ ಸಬ್‌ಮರ್ಸಿಬಲ್ ಮೋಟಾರು ಸಾಮಾನ್ಯವಾಗಿ 8ರಿಂದ 10 ಆಂಪಿಯರ್ ವಿದ್ಯುತ್ ಸೆಳೆಯುತ್ತದೆ. ಇದಕ್ಕೆ ಸ್ವಲ್ಪ ಮೀಸಲು ಸಾಮರ್ಥ್ಯ ಸೇರಿಸಿ ಕಾಂಟ್ಯಾಕ್ಟರ್ ಆಯ್ಕೆ ಮಾಡಿದರೆ ಸಾಕು. ಅದರ ಎರಡು ಮೂರು ಪಟ್ಟು ದೊಡ್ಡದನ್ನು ಅಳವಡಿಸುವುದರಿಂದ ಹೆಚ್ಚಿನ ಪ್ರಯೋಜನವಿಲ್ಲ.

ಆ) ಸ್ಟಾರ್ಟರ್ ವಿಧಾನ: ನೇರ ಚಾಲನೆಯ ಸ್ಟಾರ್ಟರಿಗೆ ಒಂದು ಕಾಂಟ್ಯಾಕ್ಟರ್ ಮತ್ತು ಬಾವಿಯೊಳಗೆ ಮೂರು ತಂತಿಗಳ ಕೇಬಲ್ ಸಾಕು. ಸ್ಟಾರ್-ಡೆಲ್ಟಾ ವಿಧಾನಕ್ಕೆ ಮೂರು ಕಾಂಟ್ಯಾಕ್ಟರ್, ಒಂದು ಟೈಮರ್ ಹಾಗೂ ಆರು ತಂತಿಗಳು ಬೇಕು. ಸ್ಟಾರ್-ಡೆಲ್ಟಾದಲ್ಲಿ ಆರಂಭಿಕ ವಿದ್ಯುತ್ ಪ್ರವಾಹ ಮೂರನೆಯ ಒಂದು ಭಾಗಕ್ಕೆ ಇಳಿಯುವುದರಿಂದ ದೊಡ್ಡ ಮೋಟಾರುಗಳಿಗೆ ಅದು ಉಪಯುಕ್ತ. ಸಣ್ಣ ಮೋಟಾರುಗಳಿಗೆ, ಪರಿವರ್ತಕದ ಸಾಮರ್ಥ್ಯ, ಮಾರ್ಗದ ಉದ್ದ ಹಾಗೂ ವಿದ್ಯುತ್ ಸರಬರಾಜು ನಿಗಮದ ನಿಯಮಗಳು ಅವಕಾಶ ನೀಡುವಲ್ಲಿ, ನೇರ ಚಾಲನೆಯೇ ಮಿತವ್ಯಯಕರ.

ಇ) ಏಕರೂಪತೆ: ಒಂದೇ ಪಂಚಾಯತಿಯ ಹನ್ನೆರಡು ಪಂಪುಗಳಿಗೆ ಐದು ಬಗೆಯ ಫಲಕಗಳಿದ್ದರೆ ಐದು ಬಗೆಯ ಬಿಡಿಭಾಗಗಳು ಬೇಕಾಗುತ್ತವೆ. ಒಂದೇ ಬಗೆಯ ಫಲಕಗಳಾದರೆ ಒಂದು ಕಾಂಟ್ಯಾಕ್ಟರ್, ಒಂದು ಓವರ್‌ಲೋಡ್ ರಿಲೇ ಹಾಗೂ ಒಂದು ಪ್ರಿವೆಂಟರ್ ದಾಸ್ತಾನಿನಲ್ಲಿದ್ದರೂ ಹನ್ನೆರಡಕ್ಕೂ ಆಧಾರವಾಗುತ್ತವೆ. ಬಿಡಿಭಾಗ ತರಲು ಚಾಮರಾಜನಗರಕ್ಕೋ ಮೈಸೂರಿಗೋ ಹೋಗಿಬರುವ ದಿನವೂ ಉಳಿಯುತ್ತದೆ.

ಈ) ಸರಳತೆ: ನೂರಕ್ಕೆ 99ರಷ್ಟು ನಂಬಬಹುದಾದ 10 ಬಿಡಿಭಾಗಗಳು, ಒಂದು ಕೆಟ್ಟರೂ ಎಲ್ಲವೂ ನಿಲ್ಲುವಂತೆ ಸಾಲಾಗಿ ಕೂಡಿದಾಗ ಇಡೀ ವ್ಯವಸ್ಥೆಯ ನಂಬಿಕೆ ಶೇ. 90ಕ್ಕೆ, 20 ಬಿಡಿಭಾಗಗಳಾದರೆ ಶೇ. 82ಕ್ಕೆ ಇಳಿಯುತ್ತದೆ. ಆದುದರಿಂದ ಅನಗತ್ಯ ದೀಪಗಳು, ಬಣ್ಣದ ಪರದೆಗಳು ಹಾಗೂ ಬಳಕೆಯಾಗದ ಸ್ವಿಚ್ಚುಗಳನ್ನು ಕೈಬಿಡುವುದರಿಂದ ಬೆಲೆಯೂ ಇಳಿಯುತ್ತದೆ, ಭದ್ರತೆಯೂ ಏರುತ್ತದೆ. ಮೂರು ಆಮ್ಮೀಟರುಗಳ ಬದಲು ಆಯ್ಕೆ ಸ್ವಿಚ್ಚಿನೊಡನೆ ಒಂದೇ ಆಮ್ಮೀಟರ್ ಸಾಕಾಗುತ್ತದೆ. ದಿನವೂ ನೀರುಗಂಟಿ ಬರುವ ಮತ್ತು ಮೊಬೈಲ್ ಸಂಕೇತ ದುರ್ಬಲವಾಗಿರುವ ಸ್ಥಳದಲ್ಲಿ ಮೊಬೈಲ್ ಸ್ಟಾರ್ಟರ್ ಅಗತ್ಯವೇ ಎಂಬುದನ್ನೂ ಪರಿಶೀಲಿಸತಕ್ಕದ್ದು.

3. ವೆಚ್ಚ ಕಡಿತಗೊಳಿಸಬಾರದ ಅಂಶಗಳು

ಅ) ಪ್ರಿವೆಂಟರ್ ಮತ್ತು ಓವರ್‌ಲೋಡ್ ರಿಲೇ: ಚಲಿಸುತ್ತಿರುವ ಮೋಟಾರಿಗೆ ಒಂದು ಫೇಸು ತಪ್ಪಿದರೆ ಉಳಿದ ಎರಡು ಫೇಸುಗಳಲ್ಲಿ ಪ್ರವಾಹ ಸುಮಾರು 1.73 ಪಟ್ಟು ಏರುತ್ತದೆ. ಕಿರಿದಾದ ಕೊಳವೆಯೊಳಗೆ ನೀರಿನಿಂದಲೇ ತಣಿಯುವ ಸಬ್‌ಮರ್ಸಿಬಲ್ ಮೋಟಾರು ಈ ಶಾಖವನ್ನು ಬಹಳ ಹೊತ್ತು ತಾಳಲಾರದು. ಆದ್ದರಿಂದ ಶೀಘ್ರವಾಗಿ ಕಡಿತಗೊಳಿಸುವ 10ನೇ ವರ್ಗದ ಓವರ್‌ಲೋಡ್ ರಿಲೇ ಹಾಗೂ ಫೇಸು ತಪ್ಪಿದೊಡನೆ ನಿಲ್ಲಿಸುವ ಪ್ರಿವೆಂಟರ್ ಎರಡೂ ಅವಶ್ಯಕ.

ಆ) ಒಣ ಓಟದ ರಕ್ಷಣೆ: ಬೇಸಿಗೆಯಲ್ಲಿ ಅಂತರ್ಜಲ ಇಳಿದಾಗ ಪಂಪು ನೀರಿಲ್ಲದೆ ತಿರುಗಿ ಹಾಳಾಗುವ ಸಂಭವವಿದೆ. ಜಲಮಟ್ಟ ಏರಿಳಿಯುವ ಪ್ರದೇಶಗಳಲ್ಲಿ ಈ ರಿಲೇಯನ್ನು ಐಚ್ಛಿಕವೆಂದು ಪರಿಗಣಿಸಬಾರದು.

ಇ) ಕಾಂಟ್ಯಾಕ್ಟರಿನ ನಿಜವಾದ ಸಾಮರ್ಥ್ಯ: ಕಾಂಟ್ಯಾಕ್ಟರಿನ ಮೇಲೆ ಎಸಿ-1 ಮತ್ತು ಎಸಿ-3 ಎಂಬ ಎರಡು ಸಾಮರ್ಥ್ಯಗಳು ಮುದ್ರಿತವಾಗಿರುತ್ತವೆ. ಎಸಿ-1 ಹೀಟರಿನಂತಹ ಹೊರೆಗೆ, ಎಸಿ-3 ಮೋಟಾರಿಗೆ ಅನ್ವಯಿಸುತ್ತದೆ. ಎಸಿ-1ರಲ್ಲಿ 25 ಆಂಪಿಯರ್ ಎಂದಿರುವ ಸಾಧನ ಎಸಿ-3ರಲ್ಲಿ 9 ಆಂಪಿಯರ್ ಮಾತ್ರ ಇರಬಹುದು. ದೊಡ್ಡ ಅಂಕಿಯನ್ನು ನೋಡಿ ಖರೀದಿಸಿದಲ್ಲಿ ಸಂಪರ್ಕಬಿಂದುಗಳು ಬೇಗನೆ ಕರಗಿ ಅಂಟಿಕೊಳ್ಳುತ್ತವೆ. ನಿಲ್ಲಿಸುವ ಗುಂಡಿ ಒತ್ತಿದರೂ ಮೋಟಾರು ನಿಲ್ಲುವುದಿಲ್ಲ.

ಈ) ವಿದ್ಯುನ್ಮಾನ ಮಂಡಲಿಗಳು: ಪ್ರಿವೆಂಟರ್ ಹಾಗೂ ಟೈಮರುಗಳಲ್ಲಿರುವ ಎಲೆಕ್ಟ್ರೊಲಿಟಿಕ್ ಕೆಪಾಸಿಟರ್‌ಗಳ ಆಯಸ್ಸು ಪ್ರತಿ 10 ಡಿಗ್ರಿ ತಾಪ ಏರಿದಂತೆ ಸರಿಸುಮಾರು ಅರ್ಧಕ್ಕೆ ಇಳಿಯುತ್ತದೆ. ಬಿಸಿಲಿಗೆ ಒಡ್ಡಿದ ತಗಡಿನ ಪೆಟ್ಟಿಗೆಯೊಳಗೆ 85 ಡಿಗ್ರಿ ದರ್ಜೆಯ ಬದಲು 105 ಡಿಗ್ರಿ ದರ್ಜೆಯದನ್ನು ಬಳಸುವುದರಿಂದ ಬೆಲೆ ತುಸು ಮಾತ್ರ ಹೆಚ್ಚಿ ಬಾಳಿಕೆ ಬಹಳ ಹೆಚ್ಚುತ್ತದೆ. ಫಲಕವನ್ನು ನೆರಳಿನಲ್ಲಿ ಅಳವಡಿಸುವುದಂತೂ ಖರ್ಚಿಲ್ಲದ ಉಪಾಯ.

ಉ) ಪೆಟ್ಟಿಗೆ ಮತ್ತು ಕೇಬಲ್ ರಂಧ್ರಗಳು: ಮುಚ್ಚದೆ ಬಿಟ್ಟ ರಂಧ್ರಗಳಿಂದ ಇರುವೆ, ಹಲ್ಲಿ ಒಳಸೇರಿ ಕಾಂಟ್ಯಾಕ್ಟರಿನಲ್ಲಿ ಸಿಲುಕಿ ಫಲಕ ಕೆಡುವುದುಂಟು. ಕೇಬಲ್ ಗ್ಲ್ಯಾಂಡ್ ಮತ್ತು ರಬ್ಬರ್ ಪಟ್ಟಿಯ ಬೆಲೆ ಅತ್ಯಲ್ಪ.

ಊ) ಭೂಸಂಪರ್ಕ: ಮೂರು ಫೇಸಿನ ಮೋಟಾರು ಹಾಗೂ ಲೋಹದ ಫಲಕಕ್ಕೆ ಎರಡು ಪ್ರತ್ಯೇಕ ಭೂಸಂಪರ್ಕಗಳಿರತಕ್ಕದ್ದು. ಇದು ನೀರುಗಂಟಿಯ ಪ್ರಾಣದ ವಿಷಯ. ಇದರಲ್ಲಿ ಉಳಿತಾಯವೆಂಬ ಮಾತೇ ಸಲ್ಲದು.

4. ಪ್ರಿವೆಂಟರ್ ‘ನೇರ’ ಮಾಡುವ ಅಭ್ಯಾಸ

ಅಗ್ಗದ ಪ್ರಿವೆಂಟರ್ ಸಣ್ಣ ವೋಲ್ಟೇಜ್ ಏರಿಳಿತಕ್ಕೂ ಪಂಪನ್ನು ನಿಲ್ಲಿಸುತ್ತದೆ. ಇತ್ತ ನೀರು ಬರಲಿಲ್ಲವೆಂದು ಜನರು ನೀರುಗಂಟಿಯನ್ನು ಪ್ರಶ್ನಿಸುತ್ತಾರೆ. ಬೇಸತ್ತ ನೀರುಗಂಟಿ ಒಂದು ತುಂಡು ತಂತಿಯಿಂದ ಪ್ರಿವೆಂಟರನ್ನು ತಪ್ಪಿಸಿ ನೇರ ಸಂಪರ್ಕ ಕೊಡುತ್ತಾನೆ. ಅಂದಿಗೆ ನೀರು ಬರುತ್ತದೆ; ಮುಂದೊಂದು ದಿನ ಫೇಸು ತಪ್ಪಿದಾಗ ಮೋಟಾರು ಸುಡುತ್ತದೆ. ಇಲ್ಲಿ ನೀರುಗಂಟಿಯೊಬ್ಬನನ್ನೇ ಹೊಣೆ ಮಾಡುವುದು ನ್ಯಾಯವಲ್ಲ. ಪದೇ ಪದೇ ಸುಳ್ಳು ಎಚ್ಚರಿಕೆ ನೀಡುವ ಸಾಧನವನ್ನು ಯಾರೂ ನಂಬುವುದಿಲ್ಲ. ಆದಕಾರಣ ಪ್ರಿವೆಂಟರಿನ ಆಯ್ಕೆಯಲ್ಲಿ ವೋಲ್ಟೇಜ್ ಮಿತಿ ಹಾಗೂ ಕಾಲವಿಳಂಬವನ್ನು ಸ್ಥಳೀಯ ಪರಿಸ್ಥಿತಿಗೆ ಹೊಂದಿಸಲು ಅವಕಾಶವಿರುವುದನ್ನೇ ಆರಿಸತಕ್ಕದ್ದು. ಪಂಪು ಪದೇ ಪದೇ ನಿಲ್ಲುತ್ತಿದ್ದಲ್ಲಿ ತಂತಿ ಸುತ್ತುವ ಬದಲು ವೋಲ್ಟೇಜ್ ಅಳತೆ ಮಾಡಿಸಿ, ಚಾಮುಂಡೇಶ್ವರಿ ವಿದ್ಯುತ್ ಸರಬರಾಜು ನಿಗಮದ ಸಹಾಯವಾಣಿ 1912ಕ್ಕೆ ದೂರು ದಾಖಲಿಸಬಹುದಾಗಿದೆ.

5. ಟೆಂಡರ್ ಮತ್ತು ತಾಂತ್ರಿಕ ವಿವರಣೆ

ಕಡಿಮೆ ದರಕ್ಕೆ ಟೆಂಡರ್ ಕೊಡುವುದರಿಂದಲೇ ಕಳಪೆ ಸಾಮಗ್ರಿ ಬರುತ್ತದೆಂಬ ಅಭಿಪ್ರಾಯ ಸಾಮಾನ್ಯವಾಗಿದೆ. ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಅಧಿನಿಯಮ, 1999ರ ಉದ್ದೇಶ ಮುಕ್ತ ಸ್ಪರ್ಧೆಯೇ ಹೊರತು ಕಳಪೆಗೆ ಮನ್ನಣೆಯಲ್ಲ. ದರಗಳ ಹೋಲಿಕೆ ನಡೆಯುವುದು ಟೆಂಡರಿನಲ್ಲಿ ಬರೆದ ತಾಂತ್ರಿಕ ವಿವರಣೆಯ ಆಧಾರದ ಮೇಲೆ. “5 ಅಶ್ವಶಕ್ತಿ ಪ್ಯಾನೆಲ್ ಬೋರ್ಡ್, 1 ಸಂಖ್ಯೆ” ಎಂದಷ್ಟೇ ಬರೆದರೆ ಯಾವ ಪೆಟ್ಟಿಗೆ ಬಂದರೂ ಅದು ಷರತ್ತಿಗೆ ಒಳಪಟ್ಟಿದ್ದೇ ಆಗುತ್ತದೆ. ಆದ್ದರಿಂದ ಕೆಳಕಂಡವುಗಳನ್ನು ಸ್ಪಷ್ಟವಾಗಿ ನಮೂದಿಸುವುದು ಸೂಕ್ತ:

- ಕಾಂಟ್ಯಾಕ್ಟರಿನ ಎಸಿ-3 ಸಾಮರ್ಥ್ಯ, ಆಂಪಿಯರ್‌ನಲ್ಲಿ
- ಓವರ್‌ಲೋಡ್ ರಿಲೇಯ ವರ್ಗ ಮತ್ತು ಹೊಂದಾಣಿಕೆಯ ವ್ಯಾಪ್ತಿ
- ಪ್ರಿವೆಂಟರ್ ಹಾಗೂ ಒಣ ಓಟದ ರಕ್ಷಣೆ
- ಧೂಳು ಮತ್ತು ನೀರಿನಿಂದ ಪೆಟ್ಟಿಗೆಗಿರುವ ರಕ್ಷಣೆಯ ಐಪಿ ದರ್ಜೆ
- ತಾಮ್ರದ ತಂತಿಯ ಗಾತ್ರ, ಒತ್ತಿ ಕೂಡಿಸಿದ ಲಗ್ಗುಗಳು
- ಬಾಗಿಲಿನ ಒಳಬದಿಯಲ್ಲಿ ಅಂಟಿಸಿದ ತಂತಿಜೋಡಣೆಯ ನಕ್ಷೆ
- ಖಾತರಿ ಅವಧಿ ಹಾಗೂ ದುರಸ್ತಿಗೆ ಬರಬೇಕಾದ ಗರಿಷ್ಠ ಸಮಯ

6. ಪಂಚಾಯತಿಗಳಿಗೆ ಸಲಹೆ

ಪ್ರತಿ ಪಂಪಿಗೆ ಒಂದು ದಾಖಲೆ ಪುಸ್ತಕವನ್ನಿರಿಸಿ ಮೂರು ಫೇಸುಗಳ ವೋಲ್ಟೇಜ್, ಆಂಪಿಯರ್, ದುರಸ್ತಿಯ ದಿನಾಂಕ ಹಾಗೂ ತಗಲಿದ ಖರ್ಚನ್ನು ಬರೆಯತಕ್ಕದ್ದು. ವರ್ಷಾಂತ್ಯದಲ್ಲಿ ಯಾವ ಫಲಕಕ್ಕೆ ಎಷ್ಟು ವೆಚ್ಚವಾಯಿತೆಂಬುದು ತಾನೇ ತಿಳಿಯುತ್ತದೆ. ಮುಂದಿನ ಖರೀದಿಗೆ ಅದಕ್ಕಿಂತ ಉತ್ತಮ ಮಾರ್ಗದರ್ಶಿ ಬೇರಿಲ್ಲ. ಆರು ತಿಂಗಳಿಗೊಮ್ಮೆ, ಸರಬರಾಜು ಕಡಿತಗೊಳಿಸಿ, ಅರ್ಹ ವಿದ್ಯುತ್ ಕೆಲಸಗಾರರಿಂದ ಸ್ಕ್ರೂಗಳನ್ನು ಬಿಗಿಗೊಳಿಸಿ ಧೂಳು ತೆಗೆಸಿದರೆ ಬಹಳಷ್ಟು ತೊಂದರೆಗಳು ಮೊಳಕೆಯಲ್ಲೇ ನಿವಾರಣೆಯಾಗುತ್ತವೆ.

ಈ ಬಗ್ಗೆ ಹೆಚ್ಚಿನ ಮಾಹಿತಿ ಬೇಕಾದ ಸಾರ್ವಜನಿಕರು ತಮ್ಮ ಗ್ರಾಮ ಪಂಚಾಯತಿಯ ಪಂಚಾಯತಿ ಅಭಿವೃದ್ಧಿ ಅಧಿಕಾರಿಯವರನ್ನು ಕಚೇರಿ ವೇಳೆಯಲ್ಲಿ ಸಂಪರ್ಕಿಸಬಹುದಾಗಿದೆ.