ಲಕ್ಷಣವುಂಟು, ನಿದಾನವಿಲ್ಲ

ಕನ್ನಡ ಐಚ್ಛಿಕ ವಿದ್ಯಾರ್ಥಿಗಳಿಗೆ ‘ಲಕ್ಷಣ’ ಎಂಬ ಪದ ಹೊಸದಲ್ಲ. ಛಂದಸ್ಸು, ಅಲಂಕಾರ, ವ್ಯಾಕರಣಗಳನ್ನು ನಿರೂಪಿಸುವ ಕೃತಿಗಳನ್ನು ಲಕ್ಷಣಗ್ರಂಥಗಳೆನ್ನುತ್ತೇವೆ. ವೈದ್ಯಶಾಸ್ತ್ರದಲ್ಲಿಯೂ ಇದೇ ಪದವುಂಟು. ಅಲ್ಲಿ ಅದು ರೋಗದ ಗುರುತು. ಲಕ್ಷಣದಿಂದ ಹೊರಟು ಕಾರಣವನ್ನು ಮುಟ್ಟುವ ಕ್ರಿಯೆಗೆ ‘ನಿದಾನ’ವೆಂದು ಹೆಸರು. ದಕಾರವು ಮಹಾಪ್ರಾಣವಾದರೆ ಅದೇ ‘ನಿಧಾನ’, ಎಂದರೆ ಸಾವಕಾಶ. ಮರಾಠಿಯಲ್ಲಿ ‘ನಿದಾನ’ಕ್ಕೆ ರೋಗನಿರ್ಣಯವೆಂಬ ಅರ್ಥದೊಡನೆ ‘ಕನಿಷ್ಠಪಕ್ಷ’ ಎಂಬ ಅರ್ಥವೂ ಬಳಕೆಯಲ್ಲಿದೆ. ಎರಡೂ ಭಾಷೆಗಳಲ್ಲಿ ಶಾಲೆ ಕಲಿತ ನನಗೆ ಈ ಮೂರು ಅರ್ಥಗಳು ಒಂದರ ಬೆನ್ನಿಗೊಂದು ಬರುತ್ತವೆ. ಕಾರಣ ತಿಳಿಯದ ಕಾಯಿಲೆಯವರು ಕಾಯುವುದು ಕನಿಷ್ಠಪಕ್ಷ ಒಂದು ಹೆಸರಿಗಾಗಿ. ಆ ಹೆಸರು ಬರುವುದು ಬಹು ನಿಧಾನವಾಗಿ.

ಅಂತಹ ಒಂದು ಸ್ಥಿತಿಯನ್ನು ಇಲ್ಲಿ ವಿವರಿಸಲು ಬಯಸುತ್ತೇನೆ. ದಣಿವು, ಎಲುಬುಗಳಲ್ಲಿ ನೋವು, ಮಲಬದ್ಧತೆ, ಮರೆವು, ಮನಸ್ಸಿನ ಮಂಕು—ಇವು ಇರುತ್ತವೆ. ಪರೀಕ್ಷೆ ಮಾಡಿಸಿದರೆ ಎಲ್ಲವೂ ಸರಿಯಿದ್ದು ಒಂದು ಹಾರ್ಮೋನಿನ ಪ್ರಮಾಣ ಮಾತ್ರ ಏರಿರುತ್ತದೆ. ಅದು ಪ್ಯಾರಾಥೈರಾಯಿಡ್ ಹಾರ್ಮೋನು. ಈ ಸಾಲುಗಳನ್ನು ಬರೆಯುತ್ತಿರುವವಳೂ ಮೂರು ವರ್ಷಗಳಿಂದ ಅಂತಹವರಲ್ಲಿ ಒಬ್ಬಳು.

ಗ್ರಂಥಿ ಮತ್ತು ಅದರ ಕೆಲಸ

‘ಹಾರ್ಮೋನು’ ಎಂಬ ಪದವನ್ನು 1905ರಲ್ಲಿ ಬಳಕೆಗೆ ತಂದವರು ಇಂಗ್ಲೆಂಡಿನ ಶರೀರಕ್ರಿಯಾ ವಿಜ್ಞಾನಿ ಅರ್ನೆಸ್ಟ್ ಸ್ಟಾರ್ಲಿಂಗ್. ‘ಪ್ರಚೋದಿಸು’ ಎಂಬರ್ಥದ ಗ್ರೀಕ್ ಧಾತು ಅದರ ಮೂಲ. ಮರಾಠಿಯವರು ಆ ಅರ್ಥವನ್ನು ಹಿಡಿದು ‘ಸಂಪ್ರೇರಕ’ ಎಂದರು. ಕನ್ನಡವು ಮೂಲಪದವನ್ನೇ ಉಕಾರಾಂತವಾಗಿಸಿ ತನ್ನದಾಗಿಸಿಕೊಂಡಿತು. ಹಾರ್ಮೋನುಗಳನ್ನು ನಾಳದ ನೆರವಿಲ್ಲದೆ ನೇರವಾಗಿ ರಕ್ತಕ್ಕೆ ಸೇರಿಸುವ ಗ್ರಂಥಿಗಳು ‘ನಿರ್ನಾಳ ಗ್ರಂಥಿಗಳು’.

ಪ್ಯಾರಾಥೈರಾಯಿಡ್ ಗ್ರಂಥಿಗಳು ಸಾಮಾನ್ಯವಾಗಿ ನಾಲ್ಕು. ಕುತ್ತಿಗೆಯಲ್ಲಿ ಥೈರಾಯಿಡಿನ ಹಿಂಬದಿಗೆ ಅಂಟಿಕೊಂಡಿರುವ ಇವು ಒಂದೊಂದೂ ಅಕ್ಕಿಕಾಳಿನಷ್ಟು ಗಾತ್ರದವು. ಇವನ್ನು ಮೊದಲು ಗುರುತಿಸಿದ್ದು ಮನುಷ್ಯರಲ್ಲಲ್ಲ, ನಮ್ಮ ನಾಡಿನ ಒಂದು ಪ್ರಾಣಿಯಲ್ಲಿ. 1849ರಲ್ಲಿ ಲಂಡನ್ನಿನ ಮೃಗಾಲಯದಲ್ಲಿ ಸತ್ತ ಭಾರತೀಯ ಘೇಂಡಾಮೃಗದ ದೇಹವನ್ನು ಸೀಳಿ ಪರೀಕ್ಷಿಸಿದ ರಿಚರ್ಡ್ ಓವೆನ್ ಈ ಚಿಕ್ಕ ಗ್ರಂಥಿಯನ್ನು ಕಂಡರು. ಮನುಷ್ಯರಲ್ಲಿ ಇದನ್ನು 1880ರಲ್ಲಿ ವಿವರಿಸಿದವರು ಸ್ವೀಡನ್ನಿನ ಉಪ್ಸಲಾದಲ್ಲಿ ವೈದ್ಯಕೀಯ ಓದುತ್ತಿದ್ದ ಇವಾರ್ ಸ್ಯಾಂಡ್‌ಸ್ಟ್ರೋಮ್.

ಗ್ರಂಥಿ ಚಿಕ್ಕದಾದರೂ ಹೊಣೆ ದೊಡ್ಡದು. ರಕ್ತದಲ್ಲಿನ ಕ್ಯಾಲ್ಸಿಯಂ ಒಂದು ಡೆಸಿಲೀಟರಿಗೆ ಸುಮಾರು 8.5ರಿಂದ 10.5 ಮಿಲಿಗ್ರಾಂ ಎಂಬ ಕಿರಿದಾದ ಮೇರೆಯೊಳಗೆ ಇರಬೇಕು. ನರ, ಸ್ನಾಯು, ಹೃದಯಗಳ ನಡೆ ಅದನ್ನು ಅವಲಂಬಿಸಿದೆ. ಕ್ಯಾಲ್ಸಿಯಂ ತುಸು ಇಳಿದರೆ ಗ್ರಂಥಿಯು ಹಾರ್ಮೋನನ್ನು ಹೆಚ್ಚಿಸುತ್ತದೆ. ಅದು ಎಲುಬಿನಿಂದ ಕ್ಯಾಲ್ಸಿಯಂ ಬಿಡಿಸುತ್ತದೆ, ಮೂತ್ರದಲ್ಲಿ ಹೋಗುವುದನ್ನು ತಡೆಯುತ್ತದೆ, ಮೂತ್ರಪಿಂಡದಲ್ಲಿ ಡಿ ವಿಟಮಿನ್ನನ್ನು ಚುರುಕುಗೊಳಿಸಿ ಕರುಳು ಹೆಚ್ಚು ಹೀರುವಂತೆ ಮಾಡುತ್ತದೆ. ಕ್ಯಾಲ್ಸಿಯಂ ಏರಿದರೆ ಹಾರ್ಮೋನು ಇಳಿಯುತ್ತದೆ.

ಅಂಕಿಯನ್ನು ಓದುವ ಬಗೆ

ಆದ್ದರಿಂದ ಹಾರ್ಮೋನಿನ ಅಂಕಿಯನ್ನು ಒಂಟಿಯಾಗಿ ಓದಲಾಗದು. ಪದಕ್ಕೆ ವಾಕ್ಯ ಹೇಗೋ ಈ ಅಂಕಿಗೆ ಕ್ಯಾಲ್ಸಿಯಂ ಹಾಗೆ. ಕ್ಯಾಲ್ಸಿಯಂ ಕಡಿಮೆ ಅಥವಾ ಸಹಜವಾಗಿದ್ದು ಹಾರ್ಮೋನು ಏರಿದ್ದರೆ, ಗ್ರಂಥಿಯು ಯಾವುದೋ ಕೊರತೆಗೆ ಓಗೊಡುತ್ತಿರಬಹುದು. ಡಿ ವಿಟಮಿನ್ನಿನ ಅಭಾವ, ಆಹಾರದಲ್ಲಿ ಕ್ಯಾಲ್ಸಿಯಂ ಸಾಲದಿರುವುದು, ಮೂತ್ರಪಿಂಡದ ದೌರ್ಬಲ್ಯ, ಕರುಳು ಹೀರದಿರುವುದು, ಕೆಲವು ಔಷಧಗಳು—ಇವು ಸಾಮಾನ್ಯ ಕಾರಣಗಳು. ಡಿ ವಿಟಮಿನ್ ಬಿಸಿಲಿನಿಂದ ಚರ್ಮದಲ್ಲಿ ಉಂಟಾಗುವಂಥದು. ಉದಕಮಂಡಲದಂತೆ ಸುಮಾರು 2,240 ಮೀಟರ್ ಎತ್ತರದ ಊರಿನಲ್ಲಿ ಉಣ್ಣೆಯ ಉಡುಪು ಮೈಮುಚ್ಚಿರುವಾಗ, ಗೂಡಲೂರಿನಂತಹ ಕಡೆ ಮಳೆಗಾಲದ ಮೋಡ ಕವಿದಿರುವಾಗ, ಚರ್ಮಕ್ಕೆ ಸಿಗುವ ಬಿಸಿಲು ಅಲ್ಪ. ಆಹಾರದ ಮಾತಿಗೆ ಬಂದರೆ ಹಿರಿಯರ ರಾಗಿಯೇ ಮೇಲು. ನೂರು ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಮಿಗೂ ಮಿಕ್ಕಿ ಕ್ಯಾಲ್ಸಿಯಂ ಇದೆ.

ಕ್ಯಾಲ್ಸಿಯಂ ಮೇರೆ ಮೀರಿದ್ದರೂ ಹಾರ್ಮೋನು ಇಳಿಯದಿದ್ದರೆ ತೊಡಕು ಬಹುಮಟ್ಟಿಗೆ ಗ್ರಂಥಿಯದೇ. ಸಾಮಾನ್ಯವಾಗಿ ನಾಲ್ಕರಲ್ಲಿ ಒಂದು ಗ್ರಂಥಿ ಕ್ಯಾನ್ಸರಲ್ಲದ ಗಡ್ಡೆಯಾಗಿ ಬೆಳೆದಿರುತ್ತದೆ. ಋತುಬಂಧ ಕಳೆದ ಹೆಂಗಸರಲ್ಲಿ ಇದು ಹೆಚ್ಚು. ಶಸ್ತ್ರಚಿಕಿತ್ಸೆಯಿಂದ ಗುಣವಾಗಬಲ್ಲದು.

ಮೂರನೆಯ ಬಗೆಯೊಂದುಂಟು. ಕೊರತೆಗಳನ್ನೆಲ್ಲ ತುಂಬಿದ ಮೇಲೂ, ಬೇರೆ ಕಾರಣಗಳನ್ನೆಲ್ಲ ತಳ್ಳಿಹಾಕಿದ ಮೇಲೂ, ಕ್ಯಾಲ್ಸಿಯಂ ಸಹಜವಾಗಿಯೇ ಇದ್ದು ಹಾರ್ಮೋನು ಏರಿಯೇ ಇರುತ್ತದೆ. 2008ರ ಅಂತರರಾಷ್ಟ್ರೀಯ ತಜ್ಞರ ಸಮಾವೇಶದಲ್ಲಿ ಇದಕ್ಕೆ ಔಪಚಾರಿಕ ಮನ್ನಣೆ ದೊರೆಯಿತು. ಇಂತಹ ಕೆಲವರಲ್ಲಿ ಮುಂದೆ ಕ್ಯಾಲ್ಸಿಯಂ ಏರುತ್ತದೆ. ಕೆಲವರಲ್ಲಿ ವರ್ಷಗಟ್ಟಲೆ ಹಾಗೆಯೇ ಇರುತ್ತದೆ. ದಣಿವು, ಮರೆವುಗಳಿಗೆ ಆ ಅಂಕಿಯೇ ಕಾರಣವೆಂದು ಖಚಿತವಾಗಿ ಹೇಳುವಂತಿಲ್ಲ; ಅಲ್ಲವೆನ್ನುವಂತೆಯೂ ಇಲ್ಲ. ನಾನಿರುವುದು ಈ ಮೂರನೆಯ ಸಾಲಿನಲ್ಲಿ.

ಹೆಸರಿಗಾಗಿ ಕಾದವರು

ಅಮೆರಿಕದ ಹಡಗಿನ ಕಪ್ತಾನ ಚಾರ್ಲ್ಸ್ ಮಾರ್ಟೆಲ್ ಅವರ ಕಥೆಯನ್ನು ಈ ಸಂದರ್ಭದಲ್ಲಿ ನೆನೆಯಬೇಕು. ತಾರುಣ್ಯದಲ್ಲಿಯೇ ಅವರ ಎಲುಬುಗಳು ಮೆದುವಾಗತೊಡಗಿದವು, ಪದೇಪದೇ ಮುರಿದವು, ಅವರ ಎತ್ತರ ಹಲವು ಅಂಗುಲ ಕುಗ್ಗಿತು. ಕಾರಣ ಪ್ಯಾರಾಥೈರಾಯಿಡ್ ಎಂದು 1926ರಲ್ಲಿ ಊಹಿಸಲಾಯಿತು. ಕುತ್ತಿಗೆಯಲ್ಲಿ ಮತ್ತೆ ಮತ್ತೆ ಹುಡುಕಿದರೂ ಗಡ್ಡೆ ಸಿಗಲಿಲ್ಲ. 1932ರ ಏಳನೆಯ ಶಸ್ತ್ರಚಿಕಿತ್ಸೆಯಲ್ಲಿ ಅದು ಎದೆಗೂಡಿನೊಳಗೆ ಸಿಕ್ಕಿತು. ಆದರೆ ಅಷ್ಟರಲ್ಲಿ ಮೂತ್ರಪಿಂಡಗಳು ಕೆಟ್ಟಿದ್ದವು. ಕೆಲವೇ ವಾರಗಳಲ್ಲಿ ಅವರು ತೀರಿಕೊಂಡರು. ಆ ಕಾಲದಲ್ಲಿ ಈ ಹಾರ್ಮೋನನ್ನು ರಕ್ತದಲ್ಲಿ ಅಳೆಯುವ ವಿಧಾನವೇ ಇರಲಿಲ್ಲ. ಅದು ಬಂದದ್ದು 1963ರಲ್ಲಿ, ಸಾಲೊಮನ್ ಬರ್ಸನ್ ಮತ್ತು ರೋಸಲಿನ್ ಯಾಲೋ ಅವರ ತಂಡದಿಂದ. ಇಂತಹ ಮಾಪನಕ್ರಮವನ್ನು ರೂಪಿಸಿದ್ದಕ್ಕಾಗಿ ಯಾಲೋ ಅವರಿಗೆ 1977ರಲ್ಲಿ ನೊಬೆಲ್ ಪ್ರಶಸ್ತಿ ಸಂದಿತು.

ಅಂದು ರೋಗವಿತ್ತು, ಅಂಕಿಯಿರಲಿಲ್ಲ. ಇಂದು ಅಂಕಿಯಿದೆ, ಕೆಲವೊಮ್ಮೆ ರೋಗದ ಹೆಸರಿಲ್ಲ. ಈ ನಡುವಿನ ಜಾಗದಲ್ಲಿ ಬದುಕುವವರಿಗೆ ಎರಡು ಮಾತುಗಳು ನೋವು ಕೊಡುತ್ತವೆ. ಒಂದು, ‘ಎಲ್ಲವೂ ನಿಮ್ಮ ಮನಸ್ಸಿನದು’ ಎಂಬುದು. ಕಾರಣ ತಿಳಿಯದಿರುವುದು ಬೇರೆ, ನೋವಿಲ್ಲದಿರುವುದು ಬೇರೆ. ಇನ್ನೊಂದು, ‘ಎಲ್ಲಕ್ಕೂ ಆ ಹಾರ್ಮೋನೇ ಕಾರಣ’ ಎಂಬುದು. ಇದು ಹಿತವಾದ ಮಾತು; ಆದ್ದರಿಂದಲೇ ಅಪಾಯದ್ದು. ರಕ್ತಹೀನತೆ, ಥೈರಾಯಿಡ್, ಮಧುಮೇಹ, ಖಿನ್ನತೆಗಳಂತಹ ಬೇರೆ ಕಾರಣಗಳು ಆ ಒಂದು ಅಂಕಿಯ ನೆರಳಿನಲ್ಲಿ ಮರೆಯಾಗಬಹುದು. ಕ್ಯಾಲ್ಸಿಯಂ, ಡಿ ವಿಟಮಿನ್ ಮಾತ್ರೆಗಳನ್ನು ತಾವಾಗಿಯೇ ನುಂಗುವುದೂ ಸಲ್ಲದು. ರಕ್ತದಲ್ಲಿ ಕ್ಯಾಲ್ಸಿಯಂ ಮೊದಲೇ ಏರಿದ್ದರೆ ಅದು ಕೇಡು ತರಬಲ್ಲದು. ನಿಯತಕಾಲಕ್ಕೆ ಕ್ಯಾಲ್ಸಿಯಂ, ಡಿ ವಿಟಮಿನ್, ಮೂತ್ರಪಿಂಡದ ಪರೀಕ್ಷೆ, ಎಲುಬಿನ ಸಾಂದ್ರತೆಯ ಮಾಪನ ಮಾಡಿಸುತ್ತ, ಹಳೆಯ ವರದಿಗಳನ್ನು ತಾರೀಖಿನ ಕ್ರಮದಲ್ಲಿ ಜೋಪಾನವಾಗಿಟ್ಟು ಕಾಯುವುದೂ ಚಿಕಿತ್ಸೆಯ ಭಾಗವೇ.

ಭಾಷೆಯ ಹೊಣೆ

ಕನ್ನಡದಲ್ಲಿ ವೈದ್ಯದ ಬರವಣಿಗೆ ಹಳೆಯದು. ಹನ್ನೆರಡನೆಯ ಶತಮಾನದ ಜಗದ್ದಳ ಸೋಮನಾಥನ ‘ಕರ್ಣಾಟಕ ಕಲ್ಯಾಣಕಾರಕ’ವನ್ನು ಸಾಹಿತ್ಯಚರಿತ್ರೆಯಲ್ಲಿ ನೀವು ಓದಿದ್ದೀರಿ. ನಮ್ಮ ಕಾಲದಲ್ಲಿ ವೈದ್ಯೆಯೂ ಕಾದಂಬರಿಗಾರ್ತಿಯೂ ಆಗಿದ್ದ ಅನುಪಮಾ ನಿರಂಜನ ಅವರು ಹೆಂಗಸರ ಆರೋಗ್ಯವನ್ನು ತಿಳಿಗನ್ನಡದಲ್ಲಿ ಬರೆದರು. ಆದರೆ ನೀಲಗಿರಿಯ ರೋಗಿಗೆ ಇನ್ನೊಂದು ತೊಡಕಿದೆ. ಮಸಿನಗುಡಿಯ ಅಜ್ಜಿ ಕನ್ನಡದಲ್ಲೋ ಬಡಗ ನುಡಿಯಲ್ಲೋ ನೋವನ್ನು ಹೇಳುತ್ತಾಳೆ. ಕೊಯಮತ್ತೂರಿನ ವೈದ್ಯರು ತಮಿಳಿನಲ್ಲಿ, ಕೋಳಿಕ್ಕೋಡಿನವರು ಮಲಯಾಳದಲ್ಲಿ ಕೇಳುತ್ತಾರೆ. ವರದಿ ಇಂಗ್ಲಿಷಿನಲ್ಲಿ ಬರುತ್ತದೆ. ನಡುವೆ ನಿಂತು ಅನುವಾದಿಸುವವರು ಹಲವು ಸಲ ನೀವೇ, ಮನೆಯಲ್ಲಿ ಕಾಲೇಜು ಕಲಿಯುತ್ತಿರುವ ಮಕ್ಕಳು.

‘ಮೈ ಭಾರ’, ‘ಕೈಕಾಲು ಸೇದುತ್ತದೆ’, ‘ಜೋಮು ಹಿಡಿಯುತ್ತದೆ’, ‘ತಲೆಗೆ ಮಂಕು ಕವಿಯುತ್ತದೆ’—ಇವು ಬೇರೆಬೇರೆ ಲಕ್ಷಣಗಳು. ಜೋಮಿಗೆ ಮರಾಠಿಯಲ್ಲಿ ‘ಮುಂಗ್ಯಾ ಯೇಣೆ’ ಎನ್ನುತ್ತಾರೆ, ಇರುವೆಗಳು ಬರುವುದು ಎಂದರ್ಥ. ಅದು ನರಗಳ ಸುದ್ದಿಯನ್ನು ಹೇಳುವ ಮಾತು. ಕ್ಯಾಲ್ಸಿಯಂ ಇಳಿದಾಗಲೂ ಹಾಗಾಗುತ್ತದೆ. ಇವೆಲ್ಲವನ್ನೂ ಒಟ್ಟುಗೂಡಿಸಿ ‘ಸುಸ್ತಂತೆ’ ಎಂದು ಒಂದೇ ಪದದಲ್ಲಿ ದಾಟಿಸಿದರೆ ವೈದ್ಯರ ಕೈಗೆ ಬೇಕಾದ ಸುಳಿವು ದಾರಿಯಲ್ಲೇ ಉದುರಿಹೋಗುತ್ತದೆ. ನೋವು ಎಲ್ಲಿ, ಯಾವಾಗ, ಎಷ್ಟು ಕಾಲದಿಂದ, ಯಾವುದರಿಂದ ಹೆಚ್ಚುತ್ತದೆ ಎಂಬುದನ್ನು ಅವರ ಮಾತಿನಲ್ಲೇ ಕೇಳಿ ಬರೆದುಕೊಳ್ಳಿ, ಆಮೇಲೆ ಅನುವಾದಿಸಿ. ಒಂದು ಪದದ ಅರ್ಥಭೇದವನ್ನು ಗುರುತಿಸಲು ತರಗತಿಯಲ್ಲಿ ಕಲಿಯುವ ನಿಮಗೆ ಇದು ಅಸಾಧ್ಯವಲ್ಲ. ನಿದಾನ ವೈದ್ಯರ ಕೆಲಸ. ಲಕ್ಷಣವನ್ನು ಕುಂದಿಲ್ಲದಂತೆ ಅವರಿಗೆ ಮುಟ್ಟಿಸುವುದು ಭಾಷೆ ಬಲ್ಲವರ ಕೆಲಸ.